ಯುವಕ ಸಂಘಕ್ಕೆ ಕ್ರಿಕೆಟ್ ಕಿಟ್, ಜೆರ್ಸಿ, ಬಹುಮಾನದ ದುಡ್ಡು: ಚುನಾವಣೆ ಹತ್ತಿರ ಬಂದಾಗ ತಗೊಳ್ಳಬಹುದಾ?

ಸಂಜೆಕಟ್ಟೆ

ಚುನಾವಣೆಗೆ ಇನ್ನೂ ಏಳೆಂಟು ತಿಂಗಳು ಇರುವಾಗಲೇ ಊರೂರಿನ ಯುವಕ ಸಂಘಗಳಿಗೆ ಒಂದೇ ಧಾಟಿಯ ಮಾತು ಬರಲು ಶುರುವಾಗುತ್ತದೆ: "ನೀವು ಟೂರ್ನಮೆಂಟ್ ಇಡ್ರಪ್ಪಾ, ಜೆರ್ಸಿ ನಮ್ದು, ಫಸ್ಟ್ ಪ್ರೈಜ್ ನಮ್ದು." ಒಂದೂರಲ್ಲಿ ವಾಲಿಬಾಲ್ ನೆಟ್ಟು, ಪಕ್ಕದೂರಲ್ಲಿ ಗಣಪತಿ ಪೆಂಡಾಲಿನ ಖರ್ಚು, ಇನ್ನೊಂದೂರಲ್ಲಿ ಓಂಶಕ್ತಿಗೋ ಶಿರಡಿಗೋ ಬಸ್ಸು. ಪೇಟೆ ಕಡೆ ಪಿಡಿಒ, ಕಾನ್‌ಸ್ಟೇಬಲ್ ಪರೀಕ್ಷೆಗೆ ಉಚಿತ ಕೋಚಿಂಗ್, ಇನ್‌ಸ್ಟಾಗ್ರಾಂನಲ್ಲಿ "ಫಾಲೋ ಮಾಡಿ, ಮೂವರನ್ನು ಟ್ಯಾಗ್ ಮಾಡಿ, ಫೋನ್ ಗೆಲ್ಲಿ".

ಮೂರು ಪ್ರಶ್ನೆ ಇಡುತ್ತಿದ್ದೇನೆ. ಕಾನೂನಿನ ಕಣ್ಣಲ್ಲಿ ಇದು ಲಂಚವಾ? ಕಾನೂನು ಬಿಟ್ಟರೂ ಇದು ಸರಿಯಾ? ಯುವನಿಧಿಯಂಥ ಸರ್ಕಾರಿ ಯೋಜನೆಗೂ ಇದಕ್ಕೂ ಇರುವ ಗೆರೆ ಎಲ್ಲಿ? ಯಾವ ಪಕ್ಷವನ್ನೂ ಹೊಗಳುವುದು, ತೆಗಳುವುದು ಇಲ್ಲಿ ಬೇಡ. ವಿಷಯ ಗೊತ್ತಿರುವವರು ವಿವರವಾಗಿ ಬರೆಯಿರಿ, ಸಂಘಗಳ ಹುಡುಗರು ಓದುತ್ತಾರೆ.

ಕಡತ ಕಪಾಟು

ಮೊದಲ ಪ್ರಶ್ನೆಗೆ ಉತ್ತರ ದಿನಾಂಕದ ಮೇಲೆ ನಿಂತಿದೆ. ಹೆಚ್ಚಿನವರಿಗೆ ತಿಳಿಯದಿರುವುದು ಇದೇ.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(1)ನೇ ಕಲಂ ಲಂಚವನ್ನು ಭ್ರಷ್ಟ ಆಚರಣೆ ಎನ್ನುತ್ತದೆ. ಕೊಡುವವರು ಅಭ್ಯರ್ಥಿ, ಅವರ ಏಜೆಂಟ್, ಅಥವಾ ಅವರ ಒಪ್ಪಿಗೆಯಿಂದ ಬೇರೆ ಯಾರಾದರೂ ಆಗಿರಬೇಕು. ಆದರೆ ಅದೇ ಕಾಯ್ದೆಯ 79(ಬಿ) ಪ್ರಕಾರ ಅಭ್ಯರ್ಥಿ ಎಂದರೆ ನಾಮಪತ್ರದ ಮೂಲಕ ವಿಧಿವತ್ತಾಗಿ ನಾಮನಿರ್ದೇಶನಗೊಂಡವರು, ಅಥವಾ ಹಾಗೆಂದು ಹಕ್ಕು ಸಾಧಿಸುವವರು. ಮೊದಲು ಹೀಗಿರಲಿಲ್ಲ. "ನಾನು ನಿಲ್ಲುತ್ತೇನೆ" ಎಂದು ತೋರಿಸಿಕೊಂಡ ದಿನದಿಂದಲೇ ಆತ ಅಭ್ಯರ್ಥಿ ಆಗುತ್ತಿದ್ದ. 1975ರಲ್ಲಿ ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧು ಎಂದ ಮೇಲೆ ಬಂದ ತಿದ್ದುಪಡಿಯಲ್ಲಿ ಆ ಮಾತನ್ನು ತೆಗೆದುಹಾಕಿದರು. ನಾಮಪತ್ರಕ್ಕೆ ಆರು ತಿಂಗಳ ಮೊದಲು ಹಂಚಿದ ಜೆರ್ಸಿ ಈ ಕಲಮಿನಿಂದ ಜಾರಿಕೊಳ್ಳುವುದು ಆ ಕಿಂಡಿಯಲ್ಲೇ. ಕಿಟ್ಟು ಹಂಚುವ ಕೆಲಸ ಯಾವಾಗಲೂ ಅಧಿಸೂಚನೆಗಿಂತ ಬಹಳ ಮುಂಚೆ ಮುಗಿದುಹೋಗುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇನ್ನೊಂದು ಬಾಗಿಲು ದಂಡಸಂಹಿತೆ. ಹಿಂದೆ ಐಪಿಸಿ 171ಬಿ, 171ಇ ಇದ್ದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 170 ಮತ್ತು 173. ಇಲ್ಲಿ ಕೊಡುವವರು ಅಭ್ಯರ್ಥಿಯೇ ಆಗಿರಬೇಕೆಂದಿಲ್ಲ. ಯಾರೇ ಆಗಲಿ, ಮತದ ಹಕ್ಕು ಚಲಾಯಿಸಲು ಪ್ರೇರೇಪಿಸುವ ಉದ್ದೇಶದಿಂದ ಕೊಟ್ಟರೆ ಲಂಚ. ತಗೊಂಡವರೂ ಅಪರಾಧಿಗಳೇ. ಹುಡುಗರು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಲಿ, ಕಲಂ ಎರಡೂ ಕೈಗಳನ್ನು ಹಿಡಿಯುತ್ತದೆ. ಶಿಕ್ಷೆ 1 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಬರೀ ಊಟ, ಕುಡಿತ, ಮನರಂಜನೆ ಆದರೆ ದಂಡ ಮಾತ್ರ.

ಇದು ಅಸಂಜ್ಞೇಯ ಅಪರಾಧ. ಪೊಲೀಸರು ನೇರವಾಗಿ ತನಿಖೆಗೆ ಇಳಿಯುವಂತಿಲ್ಲ, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಆ ಅನುಮತಿ ಸರಿಯಾದ ಕ್ರಮದಲ್ಲಿ ಪಡೆದಿಲ್ಲ ಎಂಬ ಒಂದೇ ಕಾರಣಕ್ಕೆ ಕರ್ನಾಟಕ ಹೈಕೋರ್ಟಿನಲ್ಲಿ ಬಿದ್ದುಹೋದ ಪ್ರಕರಣಗಳು ಒಂದೆರಡಲ್ಲ. ಸಾಕ್ಷಿ ಗಟ್ಟಿಯಿದ್ದರೂ ಕಾಗದ ಸಡಿಲವಾದರೆ ಕೇಸು ನಿಲ್ಲುವುದಿಲ್ಲ.

ಲೆಕ್ಕದ ಪುಸ್ತಕ

ಕಡತ ಕಪಾಟು ಸರ್ ಹೇಳಿದ್ದಕ್ಕೆ ಖರ್ಚಿನ ಕಡೆಯಿಂದ ಒಂದು ಸೇರಿಕೆ. ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಮಿತಿ ₹40 ಲಕ್ಷ, ಲೋಕಸಭೆಗೆ ₹95 ಲಕ್ಷ, 2022ರ ಜನವರಿಯಲ್ಲಿ ಏರಿಸಿದ್ದು. ಆ ಲೆಕ್ಕ ನಡೆಯುವುದೂ ನಾಮನಿರ್ದೇಶನದ ದಿನದಿಂದ ಫಲಿತಾಂಶದ ದಿನದವರೆಗೆ ಮಾತ್ರ (ಕಲಂ 77). ಅಂದರೆ ಮೊದಲೇ ಹಂಚಿದ ಕಿಟ್ಟು ಪ್ರಜಾಪ್ರತಿನಿಧಿ ಕಾಯ್ದೆಯ ಲಂಚದ ಕಲಮಿಗೂ ಸಿಗುವುದಿಲ್ಲ, ಖರ್ಚಿನ ರಿಜಿಸ್ಟರಿಗೂ ಸಿಗುವುದಿಲ್ಲ.

ಈಗ ಟೂರ್ನಮೆಂಟಿನ ಲೆಕ್ಕ ಬಿಡಿಸಿ ನೋಡೋಣ. ದರಗಳು ಊರಿಂದೂರಿಗೆ ಹೆಚ್ಚುಕಡಿಮೆ ಆಗುತ್ತವೆ, ಅಂದಾಜಿಗೆ ಹಿಡಿಯಿರಿ.

16 ತಂಡ, ನಾಕೌಟ್, ಒಟ್ಟು 15 ಪಂದ್ಯ. ಟೆನಿಸ್ ಬಾಲ್, 6 ಓವರು. ಶನಿವಾರ 8 ಪಂದ್ಯ, ಭಾನುವಾರ 7. ಪಂದ್ಯಕ್ಕೆ 2 ಚೆಂಡಿನಂತೆ 30 ಚೆಂಡು, ಒಂದಕ್ಕೆ ₹80 ಆದರೆ ₹2,400. ಮೈದಾನಕ್ಕೆ ರೋಲರು, ಸುಣ್ಣದ ಗೆರೆ ₹3,000. ಇಬ್ಬರು ಅಂಪೈರು, ಒಬ್ಬ ಸ್ಕೋರರು, ದಿನಕ್ಕೆ ₹700ರಂತೆ ಎರಡು ದಿನಕ್ಕೆ ₹4,200. ಶಾಮಿಯಾನ, ಮೈಕ್‌ಸೆಟ್ಟು ₹7,000. ಟ್ರೋಫಿ ₹4,000. ನೀರಿನ ಕ್ಯಾನು, ಚಿತ್ರಾನ್ನ ₹3,000. ಕೂಡಿದರೆ ₹23,600. ತಂಡಕ್ಕೆ ₹1,500 ಪ್ರವೇಶ ಶುಲ್ಕ ಇಟ್ಟರೆ ₹24,000 ಬರುತ್ತದೆ. ಟೂರ್ನಮೆಂಟ್ ತನ್ನ ಕಾಲ ಮೇಲೆ ತಾನೇ ನಿಂತಿತು, ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. ಶುಲ್ಕವನ್ನು ₹2,000 ಮಾಡಿದರೆ ಇನ್ನೂ ₹8,000 ಬಂತು, ಮೊದಲ ಬಹುಮಾನ ₹5,000, ಎರಡನೆಯದು ₹3,000.

ಹಾಗಾದರೆ ರಾಜಕಾರಣಿಯ ದುಡ್ಡು ಬೇಕಾಗುವುದು ಎಲ್ಲಿ? ಎರಡು ಕಡೆ. ತಂಡಕ್ಕೆ 15 ಜೆರ್ಸಿಯಂತೆ 240 ಜೆರ್ಸಿ, ಒಂದಕ್ಕೆ ₹300, ಒಟ್ಟು ₹72,000. ಬಹುಮಾನ ₹25,000 ಮತ್ತು ₹15,000, ಅಲ್ಲಿಗೆ ₹40,000. ಎರಡೂ ಸೇರಿ ₹1,12,000. 240 ಜನಕ್ಕೆ ಭಾಗಿಸಿದರೆ ತಲೆಗೆ ₹467. ನರೇಗಾದ ಎರಡು ದಿನದ ಕೂಲಿಗೂ ಕಡಿಮೆ. ಆಟಕ್ಕೆ ಬೇಕಾದ್ದಕ್ಕೆ ಹುಡುಗರ ಹತ್ತಿರವೇ ದುಡ್ಡಿದೆ. ಹೊರಗಿನ ದುಡ್ಡು ಬಂದು ಕೂರುವುದು ಎದೆಯ ಮೇಲಿನ ಹೆಸರಿಗೆ.

ಹತ್ತೊಂಬತ್ತು

ಅಣ್ಣಾ, ಒಂದು ನೇರ ಪ್ರಶ್ನೆ. ಎಲ್ಲರ ಹತ್ತಿರವೂ ತಗೊಂಡು, ಓಟು ಮಾತ್ರ ನಮಗೆ ಬೇಕಾದವರಿಗೆ ಹಾಕಿದರೆ ತಪ್ಪೇನು? ಯಾರಿಗೆ ಹಾಕಿದೆ ಅಂತ ಯಾರಿಗೂ ಗೊತ್ತಾಗಲ್ಲವಲ್ಲ. ಕಾಲೇಜಲ್ಲಿ ಎಲ್ಲರೂ ಹೇಳುವುದು ಇದನ್ನೇ.

ತೆಂಗಿನತೋಪು

ಪ್ರಶ್ನೆ ಕೇಳಿದ್ದು ಒಳ್ಳೆಯದಾಯ್ತು ತಮ್ಮಾ. ಇದಕ್ಕೆ ಉದ್ದ ಉತ್ತರ ಬೇಕು.

ನಿನ್ನ ಒಬ್ಬನ ಮತ ಗುಟ್ಟು, ನಿಜ. ಆದರೆ ನಿನ್ನ ಮತಗಟ್ಟೆಯ ಮತ ಗುಟ್ಟಲ್ಲ. ಎಣಿಕೆ ನಡೆಯುವುದು ಯಂತ್ರದ ಲೆಕ್ಕದಲ್ಲಿ, ಮತಗಟ್ಟೆಯ ಲೆಕ್ಕದಲ್ಲಿ. ಎಣಿಕೆ ಮುಗಿದ ಮೇಲೆ ಬರುವ ನಮೂನೆ 20ರಲ್ಲಿ ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಅಂತ ಸಾಲುಸಾಲಾಗಿ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಆರೇಳುನೂರು ಮತದ ಊರಿಗೆ ಒಂದೇ ಮತಗಟ್ಟೆ. ಕಿಟ್ಟು ಕೊಟ್ಟವರು ಮಾರನೇ ದಿನ ನೋಡುವುದು ಅದನ್ನೇ. ಹಲವು ಯಂತ್ರಗಳ ಮತವನ್ನು ಬೆರೆಸಿ ಎಣಿಸುವ ಟೋಟಲೈಸರ್ ಎಂಬ ಸಾಧನವನ್ನು ತರೋಣ ಎಂದು ಚುನಾವಣಾ ಆಯೋಗ 2008ರಲ್ಲೇ ಪ್ರಸ್ತಾಪ ಕಳಿಸಿತ್ತು, ಕಾನೂನು ಆಯೋಗವೂ 2015ರ ವರದಿಯಲ್ಲಿ ಅದನ್ನು ಬೆಂಬಲಿಸಿತು. ಇವತ್ತಿಗೂ ಬಂದಿಲ್ಲ.

ಇದರಿಂದ ಆಗುವುದೇನು ಅಂದರೆ, ಕೊಡುಗೆ ಒಬ್ಬೊಬ್ಬ ಹುಡುಗನಿಗೆ ಬರುವುದಿಲ್ಲ, ಸಂಘಕ್ಕೆ ಬರುತ್ತದೆ, ಸಂಘದ ಅಧ್ಯಕ್ಷನ ಕೈಗೆ ಬರುತ್ತದೆ. ಊರಿನ ಮತ ಕಡಿಮೆ ಬಿದ್ದರೆ ಉತ್ತರ ಹೇಳಬೇಕಾದವನು ಅವನು. ಹಾಗಾಗಿ ಅವನು ಮತದಾನದ ಹಿಂದಿನ ಎರಡು ರಾತ್ರಿ ಮನೆಮನೆಗೆ ಹೋಗಿ ತನ್ನ ಗೆಳೆಯರನ್ನೇ ಕೇಳುತ್ತಾನೆ: "ನನ್ ಮರ್ಯಾದೆ ಉಳಿಸ್ರೋ." ಆಗ ನೀನು ಇಲ್ಲ ಅನ್ನುವುದು ರಾಜಕಾರಣಿಗಲ್ಲ, ನಿನ್ನ ಜೊತೆ ಓಪನಿಂಗ್ ಆಡುವವನಿಗೆ. ಹಂಗು ಅನ್ನುವುದು ಹೀಗೆ ಕೈ ಬದಲಾಯಿಸುತ್ತದೆ. "ತಗೊಂಡು ಬೇಕಾದವರಿಗೆ ಹಾಕ್ತೀನಿ" ಅನ್ನುವ ಲೆಕ್ಕ ತಪ್ಪುವುದು ಇಲ್ಲೇ.

ಮತ್ತೆ ಆಣೆ. ತಟ್ಟೆಯಲ್ಲಿ ದೇವರ ಫೋಟೋ, ಅರಿಶಿನ ಕುಂಕುಮ, ಅದರ ಪಕ್ಕ ಕವರು. ಮುಟ್ಟಿ ಹೇಳಿಸಿಕೊಳ್ಳುತ್ತಾರೆ. ಆ ಪ್ರಮಾಣಕ್ಕೆ ಧರ್ಮದಲ್ಲೂ ಬಲವಿಲ್ಲ, ಯಾಕೆಂದರೆ ಅಧರ್ಮದ ಕೆಲಸಕ್ಕೆ ದೇವರನ್ನು ಜಾಮೀನು ನಿಲ್ಲಿಸಿದ ಪಾಪ ನಿಲ್ಲಿಸಿದವರದು. ಅಜ್ಜಿಯರಿಗೆ ಇದನ್ನು ಮನೆಯ ಹುಡುಗರೇ ಕೂತು ಹೇಳಬೇಕು, ಹೊರಗಿನವರು ಹೇಳಿದರೆ ನಂಬುವುದಿಲ್ಲ.

ಕಡತ ಕಪಾಟು

ಆಣೆಯ ಬಗ್ಗೆ ಕಾನೂನೂ ಸ್ಪಷ್ಟವಾಗಿದೆ. 123(2)ನೇ ಕಲಂ: ಇಂಥವರಿಗೆ ಮತ ಹಾಕದಿದ್ದರೆ ದೈವಕೋಪಕ್ಕೆ ಗುರಿಯಾಗುತ್ತೀರಿ ಎಂದು ನಂಬಿಸುವುದು ಅನುಚಿತ ಪ್ರಭಾವ, ಅದೂ ಭ್ರಷ್ಟ ಆಚರಣೆಯೇ. ಇದು ನಡೆಯುವುದು ಸಾಮಾನ್ಯವಾಗಿ ಕೊನೆಯ ವಾರದಲ್ಲಿ, ಅಂದರೆ ನಾಮಪತ್ರದ ನಂತರ. ಹಾಗಾಗಿ ದಿನಾಂಕದ ಕಿಂಡಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಆದರೆ ಕೋರ್ಟಿನ ದಾರಿ ಎಷ್ಟು ನಿಧಾನ ಎಂಬುದಕ್ಕೆ ತುಮಕೂರು ಗ್ರಾಮಾಂತರ ಕ್ಷೇತ್ರದ ಪ್ರಕರಣ ನೋಡಿ. 2018ರ ಚುನಾವಣೆಯಲ್ಲಿ ಮತದಾರರಿಗೆ ನಕಲಿ ವಿಮಾ ಬಾಂಡ್ ಹಂಚಿದ ಆರೋಪ. ಸೋತ ಅಭ್ಯರ್ಥಿ ಚುನಾವಣಾ ಅರ್ಜಿ ಹಾಕಿದರು. ಇಂಥ ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆಯ 86(7)ನೇ ಕಲಮೇ ಹೇಳುತ್ತದೆ. ಹೈಕೋರ್ಟ್ ಆಯ್ಕೆಯನ್ನು ಅಸಿಂಧುಗೊಳಿಸಿದ್ದು 2023ರ ಮಾರ್ಚ್ 30ರಂದು. ಮುಂದಿನ ಚುನಾವಣೆಯ ವೇಳಾಪಟ್ಟಿ ಘೋಷಣೆಯಾಗಿದ್ದು ಅದರ ಹಿಂದಿನ ದಿನ, ಮಾರ್ಚ್ 29ರಂದು.

ಅರ್ಜಿ ಹಾಕುವವರಿಗೆ: ಫಲಿತಾಂಶದಿಂದ 45 ದಿನ, ₹2,000 ಭದ್ರತಾ ಠೇವಣಿ, ನಮೂನೆ 25ರಲ್ಲಿ ಪ್ರಮಾಣಪತ್ರ. ಯಾರು, ಯಾರಿಗೆ, ಯಾವ ದಿನ, ಯಾವ ಜಾಗದಲ್ಲಿ ಕೊಟ್ಟರು ಎಂಬುದು ಅರ್ಜಿಯಲ್ಲೇ ಇರಬೇಕು. "ಕ್ಷೇತ್ರದಾದ್ಯಂತ ಹಂಚಿದರು" ಎಂದು ಬರೆದರೆ ಮೊದಲ ಸುತ್ತಿನಲ್ಲೇ ವಜಾ. ಪುರಾವೆಯ ಮಟ್ಟ ಕ್ರಿಮಿನಲ್ ಕೇಸಿನಷ್ಟೇ ಬಿಗಿ.

ತಳಮನೆ

ಇಷ್ಟೆಲ್ಲ ಓದಿದ ಮೇಲೆ ಒಂದು ತಕರಾರು ಇದೆ, ಕೋಪದಿಂದಲೇ ಬರೆಯುತ್ತಿದ್ದೇನೆ. ನೀತಿಪಾಠ ಯಾವಾಗಲೂ ₹467ರ ಹುಡುಗನಿಗೇ ಯಾಕೆ? ಗುತ್ತಿಗೆ, ಸೈಟು, ಭೂಪರಿವರ್ತನೆ ಪಡೆಯುವವರು ಯಾವ ಜೆರ್ಸಿಯನ್ನೂ ಹಾಕಿಕೊಳ್ಳುವುದಿಲ್ಲ. 2023ರ ಕರ್ನಾಟಕ ಚುನಾವಣೆಯಲ್ಲಿ ಆಯೋಗವೇ ಪ್ರಕಟಿಸಿದ ಜಪ್ತಿ ಸುಮಾರು ₹375 ಕೋಟಿ. 2018ರಲ್ಲಿ ಅದು ಸುಮಾರು ₹84 ಕೋಟಿ ಇತ್ತು. ಆ ₹375 ಕೋಟಿಯಲ್ಲಿ ನಗದು ₹147.46 ಕೋಟಿ, ಚಿನ್ನ ಬೆಳ್ಳಿ ₹96.60 ಕೋಟಿ, ಮದ್ಯ ₹83.66 ಕೋಟಿ. ಸೀರೆ, ಕುಕ್ಕರು, ಕಿಟ್ಟು ಎಲ್ಲ ಸೇರಿದ ಉಡುಗೊರೆಯ ಬಾಬತ್ತು ₹24.21 ಕೋಟಿ ಮಾತ್ರ. ದೊಡ್ಡ ದುಡ್ಡು ಎಲ್ಲಿದೆ ಅನ್ನುವುದನ್ನು ಆ ಪಟ್ಟಿಯೇ ಹೇಳುತ್ತದೆ.

ಊರಲ್ಲಿ ಆಟದ ಮೈದಾನ ಇಲ್ಲ, ಗ್ರಂಥಾಲಯಕ್ಕೆ ಬೀಗ, ತಾಲ್ಲೂಕು ಕ್ರೀಡಾಂಗಣದಲ್ಲಿ ಸಂತೆ ನಡೆಯುತ್ತದೆ. ಆ ಹುಡುಗ ಐದು ವರ್ಷಕ್ಕೊಮ್ಮೆ ಬರುವ ಬ್ಯಾಟು ಹಿಡಿದರೆ ಅವನೊಬ್ಬನೇ ಪ್ರಜಾಪ್ರಭುತ್ವ ಹಾಳು ಮಾಡಿದನಾ?

ತೆಂಗಿನತೋಪು

ತಳಮನೆ ಅವರೇ, ನಿಮ್ಮ ಕೋಪ ನ್ಯಾಯವಾದದ್ದು. ಹುಡುಗನನ್ನು ಬೈಯುವುದರಿಂದ ಏನೂ ಆಗುವುದಿಲ್ಲ. ಆದರೆ ಮೈದಾನ ಇಲ್ಲದಿರುವುದಕ್ಕೂ ಬ್ಯಾಟು ಬರುವುದಕ್ಕೂ ನಂಟಿದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಮೈದಾನ ಆದರೆ ಅದು ಎಲ್ಲರದು, ಅದಕ್ಕೆ ಋಣ ಇಲ್ಲ, ಐದು ವರ್ಷದ ಮೇಲೂ ಇರುತ್ತದೆ, ಎದುರು ಪಕ್ಷಕ್ಕೆ ಹಾಕಿದವನೂ ಅಲ್ಲೇ ಆಡುತ್ತಾನೆ. ಬ್ಯಾಟಿನ ಗುಣ ಅದಲ್ಲ, ಅದು ಒಂದು ಹಂಗಾಮಿಗೆ ಸವೆಯುತ್ತದೆ, ಮತ್ತೆ ಕೇಳಬೇಕಾಗುತ್ತದೆ. ಮತ್ತೆ ಮತ್ತೆ ಕೇಳುವ ಹಾಗೆ ಇಟ್ಟುಕೊಳ್ಳುವುದರಲ್ಲೇ ಕೊಡುವವರ ಲಾಭ. ಮೈದಾನ ಕೇಳುವ ಬಾಯಿ ಬ್ಯಾಟು ಈಸಿಕೊಂಡ ದಿನ ಮುಚ್ಚಿಹೋಗುತ್ತದೆ ಅನ್ನುವುದು ನನ್ನ ಆಕ್ಷೇಪ.

ಗೋಧೂಳಿ

ಸಂಜೆಕಟ್ಟೆಯವರ ಮೂರನೇ ಪ್ರಶ್ನೆಗೆ ಬರುತ್ತೇನೆ. "ಬಿಟ್ಟಿ" ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ಸುತ್ತಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಎಂಟನೇ ತರಗತಿಯ ಮಕ್ಕಳಿಗೆ 2006-07ರಿಂದ ಕರ್ನಾಟಕದಲ್ಲಿ ಕೊಟ್ಟ ಸೈಕಲ್ಲೂ ಉಚಿತವೇ. ಹೈಸ್ಕೂಲು ದೂರವಿದ್ದ ಊರಿನ ಎಷ್ಟೋ ಹೆಣ್ಣುಮಕ್ಕಳ ಓದು ಆ ಸೈಕಲ್ಲಿನ ಮೇಲೆ ಮುಂದೆ ಹೋಯಿತು. ಅವರ್ಯಾರೂ ಆಗ ಮತದಾರರಾಗಿರಲಿಲ್ಲ.

ಸುಪ್ರೀಂ ಕೋರ್ಟ್ 2013ರ ಜುಲೈ 5ರಂದು ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ, ತಮಿಳುನಾಡಿನ ಬಣ್ಣದ ಟಿವಿ, ಮಿಕ್ಸಿ, ಗ್ರೈಂಡರ್ ಭರವಸೆಗಳ ವಿಚಾರವಾಗಿ, ಪ್ರಣಾಳಿಕೆಯ ಭರವಸೆ 123ನೇ ಕಲಮಿನ ಭ್ರಷ್ಟ ಆಚರಣೆ ಆಗುವುದಿಲ್ಲ ಎಂದಿತು. ಜೊತೆಗೆ, ಉಚಿತ ಕೊಡುಗೆಗಳು ಚುನಾವಣೆಯ ಬೇರನ್ನು ಅಲುಗಾಡಿಸುತ್ತವೆ ಎಂಬ ಆತಂಕವನ್ನೂ ಹೇಳಿ, ಮಾರ್ಗಸೂಚಿ ರೂಪಿಸಲು ಆಯೋಗಕ್ಕೆ ಸೂಚಿಸಿತು. ಈಗ ಮಾದರಿ ನೀತಿಸಂಹಿತೆಯ 8ನೇ ಭಾಗ ಅದೇ: ಭರವಸೆಗೆ ಕಾರಣ ಕೊಡಿ, ದುಡ್ಡು ಎಲ್ಲಿಂದ ಬರುತ್ತದೆ ಎಂದು ಸ್ಥೂಲವಾಗಿಯಾದರೂ ತಿಳಿಸಿ. 2022ರ ಆಗಸ್ಟಿನಲ್ಲಿ ಈ ಇಡೀ ವಿಷಯವನ್ನು ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು.

2023ರಲ್ಲಿ ನಮ್ಮ ರಾಜ್ಯದಲ್ಲಿ ಮೊದಲ ಬಾರಿ ಮತದಾರರಾದವರೇ 9 ಲಕ್ಷಕ್ಕೂ ಹೆಚ್ಚು ಇದ್ದರು. ಅವರ ಕಡೆ ಮೂರೂ ಪಕ್ಷ ನೋಡಿದವು. ಕಾಂಗ್ರೆಸ್ಸಿನದು ಯುವನಿಧಿ: ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾದವರಿಗೆ ₹1,500, ಗರಿಷ್ಠ ಎರಡು ವರ್ಷ. ಜೆಡಿಎಸ್‌ನಿಂದ ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ ₹2 ಲಕ್ಷದ ಮಾತು ಬಂತು. ಬಿಜೆಪಿ ಬಿಪಿಎಲ್ ಮನೆಗೆ ವರ್ಷಕ್ಕೆ ಮೂರು ಸಿಲಿಂಡರು, ದಿನಕ್ಕೆ ಅರ್ಧ ಲೀಟರು ನಂದಿನಿ ಹಾಲು ಎಂದಿತು, ಅದು ಕುಟುಂಬಕ್ಕೆ, ಯುವಕರಿಗೆಂದೇ ಅಲ್ಲ.

ಯುವನಿಧಿಯನ್ನು ಉದಾಹರಣೆಗೆ ಇಟ್ಟುಕೊಂಡರೆ, ಕಿಟ್ಟಿಗೂ ಅದಕ್ಕೂ ವ್ಯತ್ಯಾಸ ಕಾಣುತ್ತದೆ. ದುಡ್ಡು ಬಜೆಟ್ಟಿನದು, ಸದನದಲ್ಲಿ ಪಾಸಾಗಬೇಕು, ಲೆಕ್ಕ ಪರಿಶೋಧನೆಗೆ ಒಳಪಡುತ್ತದೆ. ಅರ್ಜಿ ಸೇವಾಸಿಂಧುವಿನಲ್ಲಿ, ಹಣ ನೇರ ಖಾತೆಗೆ. ಯಾರಿಗೆ ಮತ ಹಾಕಿದೆ ಎಂದು ಯಾರೂ ಕೇಳುವಂತಿಲ್ಲ. ನಡುವೆ ಸಂಘದ ಅಧ್ಯಕ್ಷ ಇಲ್ಲ.

ನಡುಬಯಲು

ಗೋಧೂಳಿ ಮೇಡಂ, ಬಹುಪಾಲು ಒಪ್ಪುತ್ತೇನೆ. ಆದರೆ ಎರಡು ತೊಡಕು ನೀವು ಬಿಟ್ಟಿರಿ.

ಒಂದು, ವೇದಿಕೆಯ ಮೇಲೆ ಮೊತ್ತ ಕೇಳಿಸುತ್ತದೆ, ಷರತ್ತು ಕೇಳಿಸುವುದಿಲ್ಲ. ಯುವನಿಧಿ ಜಾರಿಯಾದಾಗ 2022-23ರಲ್ಲಿ ತೇರ್ಗಡೆಯಾದವರಿಂದ ಶುರುವಾಯಿತು, ತೇರ್ಗಡೆಯಾಗಿ ಆರು ತಿಂಗಳು ಕೆಲಸ ಸಿಗದಿರಬೇಕು, ಮುಂದೆ ಓದುತ್ತಿರಬಾರದು, ನಿರುದ್ಯೋಗಿ ಎಂದು ಸ್ವಯಂಘೋಷಣೆ ಕೊಡುತ್ತಿರಬೇಕು. ಷರತ್ತುಗಳಿಗೆ ಆಡಳಿತಾತ್ಮಕ ಕಾರಣ ಇರಬಹುದು. ಆದರೆ 2021ರಲ್ಲಿ ಪದವಿ ಮುಗಿಸಿ ಮನೆಯಲ್ಲಿ ಕೂತ ಹುಡುಗಿಗೆ ಮತ ಹಾಕುವ ಮೊದಲೇ ತಾನು ಪಟ್ಟಿಯಲ್ಲಿಲ್ಲ ಎಂದು ತಿಳಿಯುವಂತಿರಬೇಕಿತ್ತು. ಕೆಲಸಕ್ಕೆ ಕಾಯುತ್ತಿರುವ ವಯಸ್ಸಿನವರ ಮುಂದೆ ಮೊತ್ತವನ್ನು ದೊಡ್ಡಕ್ಷರದಲ್ಲೂ ಷರತ್ತನ್ನು ಸಣ್ಣಕ್ಷರದಲ್ಲೂ ಹಿಡಿಯುವುದು ನನ್ನ ಪ್ರಕಾರ ಅನ್ಯಾಯ, ಯಾವ ಪಕ್ಷ ಮಾಡಿದರೂ.

ಎರಡು, ಕಾರ್ಡು. ಮನೆಮನೆಗೆ ಬಂದು ಹೆಸರು, ಮೊಬೈಲ್ ನಂಬರು, ಮತಗಟ್ಟೆ ಸಂಖ್ಯೆ ಬರೆದುಕೊಂಡು "ನಿಮ್ಮ ಹೆಸರು ಯೋಜನೆಗೆ ಸೇರಿತು" ಎಂದು ಚೀಟಿ ಹರಿದು ಕೊಡುವುದು. ಇದು ಪ್ರಣಾಳಿಕೆಯ ಗೆರೆ ದಾಟಿ ಒಬ್ಬೊಬ್ಬರ ಜೊತೆ ವ್ಯವಹಾರ ಕುದುರಿಸಿದಂತೆ. 2024ರ ಮೇ 2ರಂದು ಆಯೋಗ ಎಲ್ಲ ಪಕ್ಷಗಳಿಗೂ ಬರೆದು, ಸಮೀಕ್ಷೆಯ ನೆಪದಲ್ಲಿ, ಜಾಹೀರಾತಿನಲ್ಲಿ, ಆ್ಯಪಿನಲ್ಲಿ, ಮಿಸ್ಡ್ ಕಾಲಿನಲ್ಲಿ ಮುಂದಿನ ಯೋಜನೆಗೆ ಮತದಾರರನ್ನು ನೋಂದಾಯಿಸುವುದನ್ನು ತಕ್ಷಣ ನಿಲ್ಲಿಸಿ ಎಂದಿತು, 123(1)ನೇ ಕಲಮನ್ನೇ ಎತ್ತಿ ಹೇಳಿತು.

ಇನ್‌ಸ್ಟಾಗ್ರಾಂ ಬಹುಮಾನಗಳಲ್ಲೂ ಇದೇ ನಡೆಯುವುದು. ಫೋನು ಒಬ್ಬರಿಗೆ ಸಿಗುತ್ತದೆ, ಕೊಡುವವರಿಗೆ ಸಾವಿರಾರು ಹುಡುಗರ ನಂಬರು ಸಿಗುತ್ತದೆ. ಲಿಂಕು ಒತ್ತಿ ಫಾರಂ ತೆರೆದಾಗ "ನಿಮ್ಮ ವಿಧಾನಸಭಾ ಕ್ಷೇತ್ರ" ಎಂಬ ಕಾಲಂ ಇದ್ದರೆ ಅಲ್ಲೇ ಮುಚ್ಚಿ. ಬಹುಮಾನಕ್ಕೆ ಪಿನ್‌ಕೋಡ್ ಸಾಕು, ಕ್ಷೇತ್ರ ಬೇಕಾಗುವುದು ಬೇರೆ ಕೆಲಸಕ್ಕೆ.

ಲೆಕ್ಕದ ಪುಸ್ತಕ

ಸಾಮಾಜಿಕ ಜಾಲತಾಣದ ಬಗ್ಗೆ: ಅಭ್ಯರ್ಥಿ ತನ್ನ ಖಾತೆಗಳನ್ನು ನಮೂನೆ 26ರ ಪ್ರಮಾಣಪತ್ರದಲ್ಲಿ ಘೋಷಿಸಬೇಕು, ಅಲ್ಲಿನ ರಾಜಕೀಯ ಜಾಹೀರಾತಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪೂರ್ವಾನುಮತಿ ಬೇಕು, ವಿಡಿಯೋ ಮಾಡುವವರ ಸಂಬಳವೂ ಚುನಾವಣಾ ಖರ್ಚು. "ಅಭಿಮಾನಿ ಬಳಗ" ಹೆಸರಿನ ಪುಟಗಳಿಂದ ಹಂಚಿದರೆ ಇದೆಲ್ಲ ಕೈತಪ್ಪುತ್ತದೆ, ಒಪ್ಪಿಗೆ ಇತ್ತು ಎಂದು ಸಾಬೀತು ಮಾಡುವುದೇ ಕಷ್ಟ.

ಇನ್ನು ವಸ್ತುಗಳು. ಅಭ್ಯರ್ಥಿ, ಏಜೆಂಟ್ ಅಥವಾ ಕಾರ್ಯಕರ್ತರ ವಾಹನದಲ್ಲಿ ₹50,000ಕ್ಕಿಂತ ಹೆಚ್ಚು ನಗದು, ₹10,000ಕ್ಕಿಂತ ಹೆಚ್ಚು ಬೆಲೆಯ ಉಡುಗೊರೆ ಸಿಕ್ಕಿದರೆ ಜಪ್ತಿ ಮಾಡಬಹುದು. 240 ಜೆರ್ಸಿಯ ಒಂದು ಮೂಟೆಯೇ ಆ ಮಿತಿಯ ಏಳು ಪಟ್ಟು. ಕೇಸು ಕೆಡುವುದು ಎಲ್ಲಿ ಎಂದರೆ, ಸರಕಿನ ಮೇಲೆ ಹೆಸರಿರುವುದಿಲ್ಲ, ಬಿಲ್ಲು ಯಾವುದೋ ಅಂಗಡಿಯ ಹೆಸರಲ್ಲಿ, ಗೋದಾಮು ಮೂರನೆಯವರದು, ಕೇಳಿದರೆ "ಮದುವೆಗೆ ತಂದದ್ದು". ಅದಕ್ಕೇ ದೂರು ಕೊಡುವವರು ವಸ್ತುವಿನ ಫೋಟೋ ಒಂದನ್ನೇ ನೆಚ್ಚಬಾರದು. ಹಂಚುವ ಕೈ, ವಾಹನದ ನಂಬರು, ಜಾಗ ಗೊತ್ತಾಗುವ ಒಂದು ಬೋರ್ಡು, ಮೂರೂ ಒಂದೇ ಚೌಕಟ್ಟಿನಲ್ಲಿ ಬರಬೇಕು.

ಚುನಾವಣಾ ಅಕ್ರಮದ ದೂರು ಕೊಡಲು ಆಯೋಗದ ಸಿ-ವಿಜಿಲ್ ಆ್ಯಪ್ ಇದೆ, ಬಳಸುವ ಕ್ರಮ ಹೀಗೆ. ಜಿಪಿಎಸ್ ಆನ್ ಇಡಿ. ಆ್ಯಪಿನ ಒಳಗಿಂದಲೇ ಫೋಟೋ ಅಥವಾ 2 ನಿಮಿಷದೊಳಗಿನ ವಿಡಿಯೋ ತೆಗೆಯಬೇಕು, ಗ್ಯಾಲರಿಯಲ್ಲಿ ಇರುವುದನ್ನು ಅದು ತಗೊಳ್ಳುವುದಿಲ್ಲ. ತೆಗೆದ 5 ನಿಮಿಷದೊಳಗೆ ಕಳಿಸಬೇಕು. ಹೆಸರು ಕೊಡದೆಯೂ ಕಳಿಸಬಹುದು, ಆದರೆ ಆಗ ದೂರಿನ ಗತಿ ಏನಾಯಿತೆಂದು ಹಿಂಬಾಲಿಸಲು ಆಗುವುದಿಲ್ಲ. ನಿಯಂತ್ರಣ ಕೊಠಡಿ 5 ನಿಮಿಷದಲ್ಲಿ ತಂಡಕ್ಕೆ ಒಪ್ಪಿಸಬೇಕು, ಫ್ಲೈಯಿಂಗ್ ಸ್ಕ್ವಾಡ್ 15 ನಿಮಿಷದಲ್ಲಿ ತಲುಪಬೇಕು, 30 ನಿಮಿಷದಲ್ಲಿ ಅಲ್ಲಿನ ವರದಿ, ಉಳಿದ 50 ನಿಮಿಷದಲ್ಲಿ ಚುನಾವಣಾಧಿಕಾರಿಯ ತೀರ್ಮಾನ. ಒಟ್ಟು 100 ನಿಮಿಷ. ಹಳ್ಳಿಯಲ್ಲಿ ತೊಂದರೆ ಕೊಡುವುದು ನೆಟ್‌ವರ್ಕ್, ಆ 5 ನಿಮಿಷ ದಾಟಿಬಿಡುತ್ತದೆ. ಇಂಟರ್ನೆಟ್ ಸಿಗದ ಜಾಗವಾದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ.

ಗ್ರಾಮ ಪಂಚಾಯತಿ, ತಾಲ್ಲೂಕು, ಜಿಲ್ಲಾ ಪಂಚಾಯತಿ ಚುನಾವಣೆಗೆ ಸಿ-ವಿಜಿಲ್ ಇಲ್ಲ. ಅವುಗಳನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ, ದೂರು ತಹಶೀಲ್ದಾರರಿಗೆ ಅಥವಾ ಚುನಾವಣಾಧಿಕಾರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು.

ಹತ್ತೊಂಬತ್ತು

ಮತದಾನದ ದಿನ ಶಾಯಿ ಬೆರಳು ತೋರಿಸಿದರೆ ಬೆಂಗಳೂರಿನ ಹೋಟೆಲುಗಳು ದೋಸೆ, ಕಾಫಿ ಕೊಡುತ್ತವಲ್ಲ, ಅದೂ ಲಂಚವಾ?

ಕಡತ ಕಪಾಟು

ಅಕ್ಷರಶಃ ಓದಿದರೆ ಅನುಮಾನ ಬರುತ್ತದೆ. "ಮತದ ಹಕ್ಕು ಚಲಾಯಿಸಿದ್ದಕ್ಕೆ ಪ್ರತಿಫಲ" ಎಂಬ ಮಾತು ನ್ಯಾಯ ಸಂಹಿತೆಯ 170ನೇ ಕಲಮಿನಲ್ಲೇ ಇದೆ, ಇಂಥವರಿಗೇ ಹಾಕಬೇಕೆಂದು ಹೇಳಬೇಕಾಗಿಲ್ಲ. 2023ರಲ್ಲಿ ಬಿಬಿಎಂಪಿ ಇದಕ್ಕೆ ಆಕ್ಷೇಪ ಎತ್ತಿತ್ತು. 2024ರ ಏಪ್ರಿಲ್ 26ರ ಮತದಾನಕ್ಕೆ ಮುಂಚೆ ಹೋಟೆಲು ಮಾಲೀಕರ ಸಂಘ ಹೈಕೋರ್ಟಿಗೆ ಹೋಗಿ ಅನುಮತಿ ಪಡೆಯಿತು. ಯಾವ ಅಭ್ಯರ್ಥಿಯ ನೆರಳೂ ಇಲ್ಲದೆ, ಬೆರಳಿಗೆ ಶಾಯಿ ಇದ್ದವರಿಗೆಲ್ಲ ಒಂದೇ ರೀತಿ ಕೊಡುವಾಗ ಯಾರ ಹಂಗೂ ಹುಟ್ಟುವುದಿಲ್ಲ. ನನಗೆ ಅದರಲ್ಲಿ ದೋಷ ಕಾಣುವುದಿಲ್ಲ.

ಸಂಜೆಕಟ್ಟೆ

ಎಲ್ಲರಿಗೂ ವಂದನೆ. ಕೊನೆಯದೊಂದು ಕೇಳಲೇಬೇಕು. ಈಗಾಗಲೇ ಜೆರ್ಸಿ, ಕಿಟ್ಟು ತಗೊಂಡುಬಿಟ್ಟ ಸಂಘಗಳು ಏನು ಮಾಡಬೇಕು? ವಾಪಸ್ ಕೊಡಿ ಅನ್ನುವುದು ಸುಲಭ, ಊರಲ್ಲಿ ಜಗಳ ಆಗುತ್ತದೆ.

ತೆಂಗಿನತೋಪು

ವಾಪಸ್ ಕೊಡಲು ಆಗದಿದ್ದರೆ ಗುಟ್ಟನ್ನಾದರೂ ಮುರಿಯಬೇಕು. ಸಂಘದ ಸಭೆ ಕರೆದು, ಅಧ್ಯಕ್ಷನ ಮನೆಯಲ್ಲಲ್ಲ, ಶಾಲೆಯ ಜಗುಲಿಯಲ್ಲೋ ದೇವಸ್ಥಾನದ ಮುಂದೋ, ನಡಾವಳಿ ಪುಸ್ತಕದಲ್ಲಿ ಬರೆಯಿರಿ: ಇಂಥ ದಿನ, ಇಂಥವರಿಂದ, ಬ್ಯಾಟು ಇಷ್ಟು, ಪ್ಯಾಡು ಇಷ್ಟು, ಜೆರ್ಸಿ ಇಷ್ಟು ಬಂದಿದೆ, ಇದಕ್ಕೆ ಪ್ರತಿಯಾಗಿ ಸಂಘ ಯಾವ ಮಾತನ್ನೂ ಕೊಟ್ಟಿಲ್ಲ, ಸದಸ್ಯರ ಮತ ಅವರವರದು. ಹಾಜರಿದ್ದವರೆಲ್ಲ ಸಹಿ ಹಾಕಿ. ಅದರ ಫೋಟೋ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿ. ಇಷ್ಟು ಮಾಡಿದರೆ ಅಧ್ಯಕ್ಷನ ಹೆಗಲ ಭಾರ ಇಳಿಯುತ್ತದೆ, ಕೊನೆಯ ರಾತ್ರಿ ಅವನು ಯಾರ ಬಾಗಿಲೂ ತಟ್ಟಬೇಕಾಗುವುದಿಲ್ಲ. ಕೊಟ್ಟವರಿಗೂ ಸುದ್ದಿ ತಲುಪುತ್ತದೆ, ಮುಂದಿನ ಸಲ ಆ ಊರಿಗೆ ಮೂಟೆ ಕಳಿಸುವ ಮೊದಲು ಯೋಚಿಸುತ್ತಾರೆ.

ಮುಂದಿನ ವರ್ಷಕ್ಕೆ ಈಗಲೇ ಸಂಘದ ನೋಂದಣಿ ನವೀಕರಿಸಿಕೊಳ್ಳಿ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ವಾರ್ಷಿಕ ಲೆಕ್ಕ ಸಲ್ಲಿಸದೆ ಬಿಟ್ಟ ಸಂಘಗಳೇ ಹೆಚ್ಚು. ನೋಂದಣಿ ಚಾಲ್ತಿಯಲ್ಲಿದ್ದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ತಾಲ್ಲೂಕು ಅಧಿಕಾರಿಯ ಹತ್ತಿರ ಕ್ರೀಡಾ ಸಾಮಗ್ರಿಗೆ ಅರ್ಜಿ ಹಾಕಲು ಮುಖ ಇರುತ್ತದೆ. ಮೈದಾನಕ್ಕೆ ಗ್ರಾಮಸಭೆಯಲ್ಲಿ ಸರ್ವೆ ನಂಬರು ಹೇಳಿ ಕೇಳಿ, ಠರಾವಿನಲ್ಲಿ ಬರುವ ತನಕ ಎದ್ದು ಹೋಗಬೇಡಿ.

ಜೆರ್ಸಿಯ ಮೇಲಿನ ಹೆಸರಿಗೆ ದರ್ಜಿಯ ಹತ್ತಿರ ಊರಿನ ಹೆಸರಿನ ಪಟ್ಟಿ ಹೊಲಿಸಿ. ತಂಡಕ್ಕೆ 15 ಪಟ್ಟಿ, ಒಂದು ಮಧ್ಯಾಹ್ನದ ಕೆಲಸ. ಪಾಲಿಯೆಸ್ಟರ್ ಬಟ್ಟೆಗೆ ಬಿಸಿ ಇಸ್ತ್ರಿಯಿಂದ ಅಂಟಿಸಲು ಹೋಗಬೇಡಿ, ಸುಟ್ಟು ಮುದುಡುತ್ತದೆ. ನಾಲ್ಕೂ ಅಂಚಿಗೆ ಹೊಲಿಗೆಯೇ ಆಗಬೇಕು.